ಸೈತಾನನನ್ನು ಬಿಡ್ತೀನಿ ಅಂದರೆ ಏನೇನು ಬಿಡಬೇಕು?

ಪ್ರಶ್ನೆ: ಪಾಸ್ಟರ್, ವಂದನೆಗಳು. ನಾವು ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಯವರು. ಈಸ್ಟರ್‌ಗೆ ನಮ್ಮ ಎಂಟು ತಿಂಗಳ ಮಗಳಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಮಾಡಿಸಬೇಕು ಅಂದುಕೊಂಡಿದ್ದೇವೆ. ಅವತ್ತು ಸೈತಾನನನ್ನು ಬಿಡ್ತೀವಿ ಅಂತ ತಂದೆ ತಾಯಿ ನಿಂತು ಪ್ರತಿಜ್ಞೆ ಮಾಡಬೇಕಲ್ಲ, ಅದೇ ಈಗ ಮನೆಯಲ್ಲಿ ಜಗಳವಾಗಿದೆ. ನಮ್ಮ ಯಜಮಾನರು ಮೇಸ್ತ್ರಿ. ಊರಿನಿಂದ ಇಪ್ಪತ್ತು ಮಂದಿಯನ್ನು ಹೈದರಾಬಾದ್‌ಗೆ ಕಟ್ಟಡದ ಕೆಲಸಕ್ಕೆ ಕರೆದುಕೊಂಡು ಹೋಗ್ತಾರೆ. ನನ್ನ ತಮ್ಮ ಹೇಳ್ತಾನೆ, "ಅಕ್ಕಾ, ಆ ಪ್ರತಿಜ್ಞೆ ಅಂದ್ರೆ ಅನ್ಯಾಯ ಬಿಡೋದು. ಮಾಮಾ ಮೊದಲು ಕೂಲಿ ಲೆಕ್ಕ ಸರಿ ಮಾಡ್ಲಿ, ಆಮೇಲೆ ಹೌದು ಅನ್ಲಿ." ಮಾವನವರು, "ಅದು ಆತ್ಮದ ಮಾತು, ಚರ್ಚಿನಾಗ ರಾಜಕೀಯ ತರಬ್ಯಾಡ್ರಿ" ಅಂತಾರೆ. ಯಾರ ಮಾತು ಸರಿ? ನಾನು ಸುಮ್ನೆ ಹೌದು ಅಂದರೆ ಅದು ಸುಳ್ಳಾಗುತ್ತಾ?

ಉತ್ತರ: ಸಹೋದರಿ, ನಿಮ್ಮ ಪ್ರಶ್ನೆ ಓದಿದಾಗ ನನಗೆ ಒಬ್ಬ ಮುದುಕನ ನೆನಪಾಯಿತು.

ನಾನಾಗ ಹೊಸ ಪಾಸ್ಟರ್. ಚಿಂಚೋಳಿ ಕಡೆಯ ಒಂದು ಹಳ್ಳಿ. ತೊಗರಿ ರಾಶಿ ಆಗಷ್ಟೇ ಮುಗಿದಿತ್ತು. ದೀಕ್ಷಾಸ್ನಾನಕ್ಕೆ ಬಂದ ಆ ಹಿರಿಯರು ಇಸ್ತ್ರಿ ಮಾಡಿದ ಧೋತರ ಉಟ್ಟು, ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡಿದ್ದರು. ನಾನು ಪುಸ್ತಕ ನೋಡಿ ಕೇಳಿದೆ: "ಸೈತಾನನನ್ನೂ ಅವನ ಎಲ್ಲ ಕೆಲಸಗಳನ್ನೂ ಬಿಡುತ್ತೀರಾ?" ಅವರು ಹೌದು ಅನ್ನಲಿಲ್ಲ. "ಯಾವ್ಯಾವ ಕೆಲಸರೀ? ಹೆಸರು ಹೇಳ್ರಿ, ಒಂದೊಂದೇ ಬಿಡ್ತೀನಿ" ಅಂದರು. ಸಭೆಯವರೆಲ್ಲ ನಕ್ಕರು. ನಾನೂ ನಕ್ಕೆ. ಅವರು ನಗಲಿಲ್ಲ. "ಸೆರೆ ಕುಡಿಯೋದು ಬಿಟ್ಟೀನಿ. ಹೆಂಡ್ತೀನ ಹೊಡಿಯೋದು ಬಿಟ್ಟೀನಿ. ಮತ್ತೇನರೀ?" ಅಂತ ನನ್ನ ಮುಖ ನೋಡುತ್ತಾ ನಿಂತರು. ನನಗೆ ಏನು ಹೇಳಬೇಕು ತೋಚಲಿಲ್ಲ. ಬೇಗ ಬೇಗ ತಲೆ ಮೇಲೆ ನೀರು ಹಾಕಿ ಮುಗಿಸಿಬಿಟ್ಟೆ. ಇವತ್ತಿಗೂ ಆ ವಿಷಯಕ್ಕೆ ನಾಚಿಕೆಯಾಗುತ್ತದೆ, ಯಾಕೆಂದರೆ ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೆ ಉತ್ತರ ಬೈಬಲ್‌ನಲ್ಲೇ ಇತ್ತು, ನನಗೆ ಹೊಳೆಯಲಿಲ್ಲ ಅಷ್ಟೆ.

ಲೂಕನ ಸುವಾರ್ತೆಯ ಮೂರನೇ ಅಧ್ಯಾಯ ತೆಗೆಯಿರಿ. ಸ್ನಾನಿಕನಾದ ಯೋಹಾನ ಯೊರ್ದನ್ ಹೊಳೆಯ ಸೀಮೆಯಲ್ಲಿ ದೀಕ್ಷಾಸ್ನಾನ ಕೊಡುತ್ತಿದ್ದಾನೆ. ಜನ ಬಂದು ಕೇಳುತ್ತಾರೆ: ನಾವೇನು ಮಾಡಬೇಕು? ಆ ಮುದುಕ ಕೇಳಿದ ಪ್ರಶ್ನೆಯೇ ಇದು. ಯೋಹಾನ ಅವರಿಗೆ ಉಪವಾಸ ಮಾಡಿ ಅನ್ನುವುದಿಲ್ಲ. ಇಷ್ಟು ಸಲ ಪ್ರಾರ್ಥನೆ ಮಾಡಿ ಅಂತಲೂ ಅನ್ನುವುದಿಲ್ಲ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ, ಊಟ ಇದ್ದವನೂ ಹಾಗೇ ಮಾಡಲಿ ಅನ್ನುತ್ತಾನೆ. ಆಮೇಲೆ ಸುಂಕದವರು ಬರುತ್ತಾರೆ. ಅವರಿಗೆ ಅಂಗಿಯ ಮಾತು ಎತ್ತುವುದೇ ಇಲ್ಲ. ಗೊತ್ತುಮಾಡಿದ್ದಕ್ಕಿಂತ ಒಂದು ಕಾಸೂ ಜಾಸ್ತಿ ವಸೂಲಿ ಮಾಡಬೇಡಿ ಅನ್ನುತ್ತಾನೆ. ಸಿಪಾಯಿಗಳಿಗೆ ಹೇಳಿದ್ದು: ಹೆದರಿಸಿ ದುಡ್ಡು ಕೀಳಬೇಡಿ, ಸುಳ್ಳು ಕೇಸು ಹಾಕಬೇಡಿ, ನಿಮ್ಮ ಸಂಬಳ ನಿಮಗೆ ಸಾಕು.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಗಮನಿಸುವುದಿಲ್ಲ. ಸಾಮಾನ್ಯ ಜನರಿಗೆ ಯೋಹಾನ ಕೊಡಲು ಹೇಳಿದ. ಬೇರೆಯವರ ದುಡ್ಡು ಯಾರ ಕೈಯಲ್ಲಿ ಓಡಾಡುತ್ತದೋ ಅವರಿಗೆ ಕೊಡಲು ಹೇಳಲಿಲ್ಲ, ಕಿತ್ತುಕೊಳ್ಳಬೇಡಿ ಅಂದ. ಮೊದಲನೆಯದು ಕರುಣೆ, ಎರಡನೆಯದು ನ್ಯಾಯ. ಸುಂಕದವನು ವರ್ಷವೆಲ್ಲಾ ಹೆಚ್ಚು ವಸೂಲಿ ಮಾಡಿ, ಹಬ್ಬದ ದಿನ ಹತ್ತು ಜನರಿಗೆ ಅಂಗಿ ಹಂಚಿದ್ದರೆ ಯೋಹಾನನಿಗೆ ಸಮಾಧಾನ ಆಗುತ್ತಿರಲಿಲ್ಲ. ನಮ್ಮ ಸಭೆಗಳಲ್ಲಿ ಕ್ರಿಸ್‌ಮಸ್‌ಗೆ ವಿಧವೆಯರಿಗೆ ಸೀರೆ ಹಂಚುತ್ತೇವೆ. ಒಳ್ಳೆಯದೇ. ಆದರೆ ಅದೇ ವಿಧವೆ ಕಳೆ ಕೀಳಲು ಬಂದಾಗ ಕೂಲಿಯಲ್ಲಿ ಎಷ್ಟು ಮುರಿದುಕೊಂಡೆವು ಅನ್ನುವ ಲೆಕ್ಕ ಸೀರೆಯ ಪೊಟ್ಟಣದಲ್ಲಿ ಇರುವುದಿಲ್ಲ, ಅಲ್ವಾ?

ಇನ್ನೊಂದು ಹಳೆಯ ಸಾಕ್ಷಿ ಇದೆ. ಇದನ್ನು ಹೇಳಿದವನು ಕ್ರೈಸ್ತನಲ್ಲ, ಕ್ರೈಸ್ತರಿಗೆ ಶಿಕ್ಷೆ ಕೊಡುತ್ತಿದ್ದ ಅಧಿಕಾರಿ. ಹೆಸರು ಪ್ಲಿನಿ. ಈಗಿನ ಟರ್ಕಿಯ ಉತ್ತರ ಭಾಗದಲ್ಲಿ ಬಿಥಿನಿಯ ಅಂತ ಒಂದು ಪ್ರಾಂತ್ಯ ಇತ್ತು, ಅಲ್ಲಿಯ ರೋಮನ್ ರಾಜ್ಯಪಾಲ. ಸುಮಾರು ಕ್ರಿ.ಶ. 112ರಲ್ಲಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದು, ಈ ಕ್ರೈಸ್ತರನ್ನು ಏನು ಮಾಡಲಿ ಅಂತ ಕೇಳಿದ. ಅವರು ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನಿಗೆ ಹಾಡುತ್ತಾರೆ, ಆಮೇಲೆ ಒಂದು ಆಣೆ ಮಾಡುತ್ತಾರೆ ಅಂತ ವರದಿ ಕೊಟ್ಟ. ಏನು ಆಣೆ? ಕದಿಯುವುದಿಲ್ಲ, ದರೋಡೆ ಮಾಡುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ತಪ್ಪುವುದಿಲ್ಲ, ನಂಬಿ ಇಟ್ಟ ದುಡ್ಡನ್ನು ವಾಪಸ್ ಕೇಳಿದಾಗ ಇಲ್ಲ ಅನ್ನುವುದಿಲ್ಲ. ವಿಷಯ ತಿಳಿಯಲು ಅವನು ಇಬ್ಬರು ಹೆಂಗಸರನ್ನು ಹಿಂಸಿಸಿ ವಿಚಾರಿಸಿದ. ಇಬ್ಬರೂ ದಾಸಿಯರು, ಇಬ್ಬರೂ ಆ ಸಭೆಯ ಸೇವಕಿಯರು. ಯಜಮಾನನ ಮನೆಯಲ್ಲಿ ದಾಸಿ, ಸಭೆಯಲ್ಲಿ ಜವಾಬ್ದಾರಿಯ ಹೆಂಗಸು. ಅಂಥ ಕಾಲದಲ್ಲಿ!

ಪ್ಲಿನಿ ಹೇಳಿದ ಆಣೆ ದೀಕ್ಷಾಸ್ನಾನದ್ದೇ ಅಂತ ಕೆಲವು ಪಂಡಿತರು, ಅಲ್ಲ ಅಂತ ಕೆಲವರು. ಅದು ಇರಲಿ. "ನಂಬಿ ಇಟ್ಟ ದುಡ್ಡು" ಅನ್ನುವ ಮಾತಿಗೆ ಆಮೇಲೆ ಬರುತ್ತೇನೆ. ನಿಮ್ಮ ಯಜಮಾನರ ಹಾಜರಿ ಬುಕ್‌ಗೆ ಅದು ನೇರ ತಾಗುತ್ತದೆ.

ಮೂರನೇ ಶತಮಾನದ ಹೊತ್ತಿನ ಸಭೆಯ ನಿಯಮಗಳು ಇನ್ನೂ ಕಟ್ಟುನಿಟ್ಟು. ಹಿಪ್ಪೊಲಿಟಸ್ ಎಂಬುವನ ಹೆಸರಿನಲ್ಲಿ ಒಂದು ನಿಯಮದ ಪುಸ್ತಕ ಉಳಿದಿದೆ. ಅದರ ಪ್ರಕಾರ ದೀಕ್ಷಾಸ್ನಾನಕ್ಕೆ ಸಾಮಾನ್ಯವಾಗಿ ಮೂರು ವರ್ಷ ಕಲಿಯಬೇಕು. ಬಂದವನನ್ನು ಮೊದಲೇ ಕೇಳುತ್ತಿದ್ದರು: ನಿನ್ನ ಕಸುಬು ಏನು? ಜನರನ್ನು ಕೊಲ್ಲುವ ಆಟದಲ್ಲಿ ಇರುವವನಾದರೆ ಅದನ್ನು ಬಿಟ್ಟು ಬಾ, ಇಲ್ಲಾಂದ್ರೆ ವಾಪಸ್ ಹೋಗು. ಮೂರು ವರ್ಷ ಆದ ಮೇಲೆ ಮತ್ತೆ ವಿಚಾರಣೆ. ವಿಧವೆಯರನ್ನು ಗೌರವಿಸಿದನಾ, ಕಾಯಿಲೆಯವರನ್ನು ಹೋಗಿ ನೋಡಿದನಾ ಅಂತ ಅವನನ್ನು ಕರೆತಂದವರು ಸಾಕ್ಷಿ ಹೇಳಬೇಕಿತ್ತು. ನಿಮ್ಮ ತಮ್ಮನ ಮಾತು ಈ ಪುಸ್ತಕದಿಂದ ಎತ್ತಿದ ಹಾಗೇ ಇದೆ. ಅವನಿಗೆ ಹೇಳಿ, ಖುಷಿಯಾಗುತ್ತಾನೆ. ಜಾಸ್ತಿ ಖುಷಿಯಾಗುವುದು ಬೇಡ, ಅವನಿಗೂ ಒಂದು ಮಾತಿದೆ, ಕೊನೆಯಲ್ಲಿ ಹೇಳುತ್ತೇನೆ.

ನಾಲ್ಕನೇ ಶತಮಾನದ ಜೆರುಸಲೇಮಿನಲ್ಲಿ ಇದನ್ನು ಮೈಯಿಂದಲೇ ಮಾಡಿಸುತ್ತಿದ್ದರು. ದೀಕ್ಷೆ ತೆಗೆದುಕೊಳ್ಳುವವರು ಪಶ್ಚಿಮಕ್ಕೆ ಮುಖ ಮಾಡಿ, ಕೈ ಚಾಚಿ, ಎದುರಿಗೇ ನಿಂತಿದ್ದಾನೆ ಅನ್ನುವ ಹಾಗೆ ಸೈತಾನನಿಗೆ ಹೇಳಬೇಕು: ನಿನ್ನನ್ನು ಬಿಟ್ಟೆ. ಪಶ್ಚಿಮ ಅಂದರೆ ಸೂರ್ಯ ಮುಳುಗುವ, ಕತ್ತಲಿನ ದಿಕ್ಕು. ಆಮೇಲೆ ಪೂರ್ವಕ್ಕೆ ತಿರುಗಿ ನಂಬಿಕೆಯ ಮಾತು ಹೇಳಬೇಕು. ಅಲ್ಲಿನ ಬಿಷಪ್ ಸಿರಿಲ್‌ನ ಹೆಸರಿನಲ್ಲಿರುವ ಪಾಠಗಳಲ್ಲಿ ಇದು ಇದೆ. ಅಂದರೆ ಬಿಡುವುದು ಮೊದಲು, ತಿರುಗುವುದು ಆಮೇಲೆ.

ಈಗಿನ ಪುಸ್ತಕಗಳಲ್ಲಿ ಮಾತು ಸಭೆಯಿಂದ ಸಭೆಗೆ ಸ್ವಲ್ಪ ಬೇರೆ. ಕ್ಯಾಥೊಲಿಕರು ಸೈತಾನನನ್ನು, ಅವನ ಕೆಲಸಗಳನ್ನು, ಅವನ ಪೊಳ್ಳು ಆಡಂಬರವನ್ನು ಬಿಡುತ್ತೀರಾ ಅಂತ ಕೇಳುತ್ತಾರೆ. ಅಮೆರಿಕದ ಯುನೈಟೆಡ್ ಮೆಥೊಡಿಸ್ಟ್ ಸಭೆಯ ಪುಸ್ತಕ ಇನ್ನೂ ಬಿಚ್ಚಿ ಕೇಳುತ್ತದೆ. ಕೆಡುಕು, ಅನ್ಯಾಯ, ದಬ್ಬಾಳಿಕೆ ಯಾವ ರೂಪದಲ್ಲಿ ಬಂದರೂ ಎದುರಿಸಲು ದೇವರು ಕೊಡುವ ಸ್ವಾತಂತ್ರ್ಯವನ್ನೂ ಶಕ್ತಿಯನ್ನೂ ಸ್ವೀಕರಿಸುತ್ತೀಯಾ ಅನ್ನುವುದು ಅಲ್ಲಿನ ಪ್ರಶ್ನೆ. ಅಮೆರಿಕದ ಎಪಿಸ್ಕೋಪಲ್ ಸಭೆ 1979ರ ತನ್ನ ಪ್ರಾರ್ಥನಾ ಪುಸ್ತಕದಲ್ಲಿ, ಎಲ್ಲ ಜನರ ನಡುವೆ ನ್ಯಾಯ ಮತ್ತು ಶಾಂತಿಗಾಗಿ ದುಡಿಯುತ್ತೀಯಾ, ಪ್ರತಿ ಮನುಷ್ಯನ ಘನತೆಯನ್ನು ಗೌರವಿಸುತ್ತೀಯಾ ಅಂತ ಸೇರಿಸಿತು. ಮಾತು ಹೊಸದು, ವಿಷಯ ಯೊರ್ದನ್ ಹೊಳೆಯಷ್ಟೇ ಹಳೆಯದು.

ಹಾಗಾದರೆ ಇದು ಬರೀ ಆತ್ಮದ ಮಾತು ಅಂತ ನಮ್ಮ ಹಿರಿಯರಿಗೆ ಯಾಕೆ ಅನ್ನಿಸಿತು? ಹಾಗೆ ಅನ್ನಿಸಿದರೆ ಲಾಭ ಆಗುವವರು ಇದ್ದರು. 1667ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಒಂದು ಕಾನೂನು ಮಾಡಿದರು: ಗುಲಾಮನಿಗೆ ದೀಕ್ಷಾಸ್ನಾನ ಆದರೂ ಗುಲಾಮಗಿರಿ ಹೋಗುವುದಿಲ್ಲ. ಯಾಕೆ ಬೇಕಾಯಿತು ಆ ಕಾನೂನು? ದೀಕ್ಷೆಯಾದವನನ್ನು ಗುಲಾಮನಾಗಿ ಇಟ್ಟುಕೊಳ್ಳುವುದು ಹೇಗೆ ಅನ್ನುವ ಅಳುಕು ಒಡೆಯರಿಗೇ ಇತ್ತು. ನೀರಿನ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅದನ್ನು ಆತ್ಮಕ್ಕೆ ಮಾತ್ರ ಸೀಮಿತ ಮಾಡಿ ಬೇಲಿ ಹಾಕಿದರು. ನೂರು ವರ್ಷದ ಮೇಲೆ ಮೆಥೊಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ, 1774ರಲ್ಲಿ, ಗುಲಾಮಗಿರಿಯ ವಿರುದ್ಧ ಒಂದು ಪುಸ್ತಿಕೆ ಬರೆದ. 1791ರ ಫೆಬ್ರವರಿಯಲ್ಲಿ, ಸಾಯುವ ಕೆಲವೇ ದಿನ ಮುಂಚೆ, ಆ ಹೋರಾಟ ನಡೆಸುತ್ತಿದ್ದ ವಿಲ್ಬರ್‌ಫೋರ್ಸ್‌ಗೆ ಧೈರ್ಯ ಹೇಳಿ ಪತ್ರವನ್ನೂ ಬರೆದ. ನಿಮ್ಮ ಮಾವನವರು ಮೆಥೊಡಿಸ್ಟರಾಗಿದ್ದರೆ ಇದನ್ನು ಒಂದು ಸಲ ಓದಿ ಹೇಳಿ.

ನಮ್ಮ ಸೀಮೆಯ ಕಥೆಯೂ ಇದೆ. ಬೀದರ್, ಕಲಬುರಗಿ ಕಡೆ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಊರ ಹೊರಗೆ ಇಡಲ್ಪಟ್ಟವರು. ಅವರಿಗೆ ಈ ನೀರು ಮೊದಲು ಮುಟ್ಟಿದ್ದೇ ಘನತೆಯ ವಿಷಯವಾಗಿ. ಊರ ಬಾವಿಯ ನೀರು ಮುಟ್ಟಲು ಬಿಡದ ಕಾಲದಲ್ಲಿ ಯಾರೋ ತಲೆ ಮೇಲೆ ಕೈ ಇಟ್ಟು ನೀರು ಹಾಕಿ ಹೆಸರು ಹಿಡಿದು ಕರೆದರು. ಕ್ರಿಸ್ತನಲ್ಲಿ ದೀಕ್ಷಾಸ್ನಾನ ಆದವರಲ್ಲಿ ಯೆಹೂದ್ಯ–ಗ್ರೀಕ, ದಾಸ–ಸ್ವತಂತ್ರ, ಗಂಡು–ಹೆಣ್ಣು ಅನ್ನುವ ಭೇದ ಇಲ್ಲ ಅಂತ ಬೈಬಲ್‌ನಲ್ಲಿ ಪೌಲ ಗಲಾತ್ಯದ ಸಭೆಗಳಿಗೆ ಬರೆದದ್ದು ಅವರಿಗೆ ವಿವರಿಸಬೇಕಾಗಿರಲಿಲ್ಲ. ದೀಕ್ಷೆ ಅನ್ನುವ ಮಾತಿಗೂ ನಮ್ಮಲ್ಲಿ ಮೊದಲೇ ತೂಕ ಇತ್ತು. ಬಸವಕಲ್ಯಾಣ ನಿಮಗೆ ಎಷ್ಟು ದೂರ? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದ ಊರು. ದೀಕ್ಷೆ ಆದ ಮೇಲೆ ಹಳೆಯ ಜಾತಿ ಕೇಳಬಾರದು ಅನ್ನುವುದು ಅವರ ಹಟ. ಅದಕ್ಕೆ ಇಬ್ಬರು ಅಪ್ಪಂದಿರೂ ಜೀವ ಕೊಟ್ಟರು. ಎರಡು ಧರ್ಮ ಒಂದೇ ಅಂತ ನಾನು ಹೇಳುತ್ತಿಲ್ಲ. ದೀಕ್ಷೆ ತೆಗೆದುಕೊಂಡ ಮೇಲೆ ಊರಿನಲ್ಲಿ ಏನೂ ಬದಲಾಗಬಾರದು ಅನ್ನುವವರು ಎರಡು ಕಡೆಯೂ ಇದ್ದರು, ಅಷ್ಟೆ.

ಬದಲಾಗದ್ದು ಇನ್ನೂ ಇದೆ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯಲ್ಲಿ ಬರುವುದಿಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಉಳಿದರು. ಜಾತಿ ಹೋಯಿತು ಅಂತ ಕಾಗದ ಹೇಳುತ್ತದೆ. ಚಹಾದ ಅಂಗಡಿ ಹಾಗೆ ಹೇಳುವುದಿಲ್ಲ. ಮಗುವಿನ ಹೆಸರನ್ನು ಸಭೆಯ ರಿಜಿಸ್ಟರ್‌ನಲ್ಲಿ ಬರೆಸಲು ಕೈ ನಡುಗುವ ತಂದೆ ತಾಯಿಗಳನ್ನು ನಾನು ನೋಡಿದ್ದೇನೆ. ಅವರನ್ನು ಪುಕ್ಕಲರು ಅಂತ ಯಾರೂ ಬೈಯಬೇಡಿ. ನಮ್ಮ ಒಳಗಿನದನ್ನೂ ಹೇಳಿಬಿಡುತ್ತೇನೆ. ಹೊರಗಿನವರು ಬಾವಿ ಬೇರೆ ಮಾಡಿದರು ಅಂತ ಅಳುವ ನಾವು, ಮದುವೆ ಸಂಬಂಧ ನೋಡುವಾಗ "ಅವರು ಮೊದಲು ಯಾರು?" ಅಂತ ಮೆಲ್ಲಗೆ ಕೇಳುತ್ತೇವೆ. ಆ ಮುದುಕ "ಮತ್ತೇನರೀ?" ಅಂದಾಗ ಇದೊಂದನ್ನಾದರೂ ನಾನು ಹೇಳಬಹುದಿತ್ತು.

ಇನ್ನು ಪ್ರತಿಜ್ಞೆ ಮಾಡುವವರು ನೀವಿಬ್ಬರೇ ಅಲ್ಲ. ಮಗುವಿನ ದೀಕ್ಷಾಸ್ನಾನದಲ್ಲಿ ಬಹಳ ಕಡೆ ಸಭೆಯೂ ಎದ್ದು ನಿಂತು, ಈ ಮಗುವನ್ನು ನಾವು ನೋಡಿಕೊಳ್ಳುತ್ತೇವೆ ಅನ್ನುತ್ತದೆ. ಅದರಲ್ಲಿ ನಾನು ಸೋತದ್ದು ಹೇಳುತ್ತೇನೆ. ಒಂದು ಹೆಣ್ಣುಮಗುವಿಗೆ ನಾನೇ ನೀರು ಹಾಕಿದ್ದೆ. ಎತ್ತಿಕೊಂಡಾಗ ನನ್ನ ಕನ್ನಡಕ ಹಿಡಿದು ಎಳೆದಿತ್ತು. ಸಭೆಯವರೆಲ್ಲ ನಗುತ್ತಾ "ನೋಡಿಕೊಳ್ಳುತ್ತೇವೆ" ಅಂದಿದ್ದರು. ಒಂಬತ್ತನೇ ಕ್ಲಾಸಿಗೆ ಅವಳನ್ನು ಶಾಲೆ ಬಿಡಿಸಿದರು. ಹದಿನಾರಕ್ಕೆ ಮದುವೆ. ಹದಿನೆಂಟರ ಒಳಗೆ ಹೆಣ್ಣಿನ ಮದುವೆ ಅಪರಾಧ ಅಂತ 2006ರ ಕಾಯ್ದೆ ಹೇಳುತ್ತದೆ, ನನಗೆ ಗೊತ್ತಿತ್ತು. ಚರ್ಚಿನಲ್ಲಿ ಮದುವೆ ಮಾಡಿಸಲು ನಾನು ಒಪ್ಪಲಿಲ್ಲ, ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಅವರು ಬೇರೆ ಊರಲ್ಲಿ ಮಾಡಿ, ವಾಪಸ್ ಬಂದು ಊಟ ಹಾಕಿಸಿದರು. ಸಭೆಯ ಮುಕ್ಕಾಲು ಜನ ಹೋಗಿ ಉಂಡು ಬಂದರು. ಯಾರೂ ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಊರಿನವರ ಜೊತೆ ಕೆಡಿಸಿಕೊಳ್ಳುವುದು ಯಾಕೆ ಅಂತ ಸುಮ್ಮನಾದೆ. ಸೈತಾನನ ಕೆಲಸ ಅಂದರೆ ಕೊಂಬು, ಬಾಲ ಇರುವುದೇನಲ್ಲ. ನನ್ನ ಮಟ್ಟಿಗೆ ಅವತ್ತು ಅದು ಆ ಸುಮ್ಮನಿರುವಿಕೆಯೇ ಆಗಿತ್ತು.

ಈಗ ನಿಮ್ಮ ಯಜಮಾನರ ವಿಷಯ. ಮೇಸ್ತ್ರಿ ಕೆಲಸ ಪಾಪದ ಕೆಲಸ ಅಲ್ಲ. ಜಹೀರಾಬಾದ್ ದಾಟಿ ಹೈದರಾಬಾದ್‌ಗೆ ಹೋಗುವವರಿಗೆ ಪರಿಚಯದ ಒಬ್ಬ ಮನುಷ್ಯ ಬೇಕೇಬೇಕು. ಮಲಗಲು ಜಾಗ, ಬಿಲ್ಡರ್ ಜೊತೆ ಮಾತು, ಕಾಯಿಲೆ ಬಿದ್ದರೆ ಆಸ್ಪತ್ರೆ ಎಲ್ಲ ಅವರ ತಲೆಮೇಲೆ. ಅದಕ್ಕೆ ಕಮಿಷನ್ ತೆಗೆದುಕೊಂಡರೆ ತಪ್ಪಿಲ್ಲ. ಯೋಹಾನ ಕೂಡ ಸುಂಕದವರಿಗೆ ಕೆಲಸ ಬಿಡಿ ಅನ್ನಲಿಲ್ಲ ನೋಡಿ. ಅವರೂ ಒಂದು ರೀತಿ ಗುತ್ತಿಗೆಯವರೇ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ಬೇಡ ಅಂದ, ಅಷ್ಟೆ. ಹಾಗಾಗಿ ಪ್ರಶ್ನೆ ಇಷ್ಟು: ಗೊತ್ತುಮಾಡಿದ್ದು ಎಷ್ಟು ಅಂತ ಆ ಇಪ್ಪತ್ತು ಮಂದಿಗೆ ಗೊತ್ತಾ? ಬಿಲ್ಡರ್ ತಲೆಗೆ ಇಷ್ಟು ಕೊಡುತ್ತಾನೆ, ನನ್ನದು ಇಷ್ಟು, ನಿನ್ನ ಕೈಗೆ ಇಷ್ಟು ಅಂತ ಬಸ್ ಹತ್ತುವ ಮುಂಚೆ ಹೇಳಿದ್ದಾರಾ? ಹಾಜರಿ ಬುಕ್ ಅವರ ಜೇಬಿನಲ್ಲಿ ಮಾತ್ರ ಇದೆಯಾ, ಅಥವಾ ವಾರಕ್ಕೊಮ್ಮೆ ಫೋಟೊ ತೆಗೆದು ಕೆಲಸದವರ ಮೊಬೈಲ್‌ಗೂ ಹಾಕುತ್ತಾರಾ? ಒಂದೇ ಗಾರೆ ಬುಟ್ಟಿ ಹೊರುವ ಹೆಂಗಸಿಗೆ ಗಂಡಸಿಗಿಂತ ಕಮ್ಮಿ ಬರೆಯುತ್ತಾರಾ? ಇದರಲ್ಲಿ ಯಾವುದಕ್ಕೂ ದೇವರ ಬಗ್ಗೆ ದೊಡ್ಡ ಜ್ಞಾನ ಬೇಡ.

ಮುಂಗಡದ ವಿಷಯ ಮಾತ್ರ ಬೇರೆ, ಅದನ್ನು ಗಟ್ಟಿಯಾಗಿ ಹೇಳುತ್ತೇನೆ. ಮದುವೆಗೋ ಆಸ್ಪತ್ರೆಗೋ ಮೇಸ್ತ್ರಿಯಿಂದ ಮುಂಗಡ ತಗೊಳ್ಳುತ್ತಾರೆ. ಅದು ತೀರುವ ತನಕ ಬೇರೆ ಕಡೆ ಹೋಗುವ ಹಾಗಿಲ್ಲ, ಊರಿಗೆ ಬರುವ ಹಾಗಿಲ್ಲ ಅಂತ ಕಟ್ಟಿಹಾಕಿದರೆ ಅದಕ್ಕೆ ಕಾನೂನಿನಲ್ಲಿ ಒಂದೇ ಹೆಸರು: ಜೀತ. 1976ರ ಕಾಯ್ದೆ ಅದನ್ನು ರದ್ದು ಮಾಡಿ ಎಷ್ಟೋ ವರ್ಷ ಆಯಿತು. ಹಾಗೇ ಯಾರದಾದರೂ ಆಧಾರ್ ಕಾರ್ಡ್ "ಜೋಪಾನಕ್ಕೆ" ಅಂತ ನಿಮ್ಮ ಟ್ರಂಕ್‌ನಲ್ಲಿದ್ದರೆ ಇವತ್ತೇ ವಾಪಸ್ ಕೊಡಿಸಿ. ಪ್ಲಿನಿಯ ಪತ್ರದ ಮಾತು ನೆನಪಿದೆಯಲ್ಲ, ನಂಬಿ ಇಟ್ಟದ್ದನ್ನು ಕೇಳಿದಾಗ ಇಲ್ಲ ಅನ್ನಬಾರದು. ಕೂಲಿಯವರು ನಿಮ್ಮ ಯಜಮಾನರ ಹತ್ತಿರ ಇಟ್ಟಿರುವುದು ಬರೀ ಕಾರ್ಡ್ ಅಲ್ಲ, ಆರು ತಿಂಗಳ ಪಗಾರ.

ನಿಮ್ಮ ಪತ್ರದಲ್ಲಿ ಅವರು ಇದರಲ್ಲಿ ಯಾವುದು ಮಾಡುತ್ತಾರೆ, ಯಾವುದು ಮಾಡುವುದಿಲ್ಲ ಅಂತ ನೀವು ಬರೆದಿಲ್ಲ. ನಾನೂ ಊಹೆ ಮಾಡುವುದಿಲ್ಲ.

ಮಾವನವರ ರಾಜಕೀಯದ ಮಾತಿಗೆ ಬೇಗ ಹೇಳಿಬಿಡುತ್ತೇನೆ. ಯೋಹಾನನನ್ನು ಜೈಲಿಗೆ ಹಾಕಿದ್ದು ನೀರಿನಲ್ಲಿ ಮುಳುಗಿಸಿದ್ದಕ್ಕಲ್ಲ. ಆಗಿನ ಅರಸ ಹೆರೋದನ ತಪ್ಪುಗಳನ್ನು ಮುಖಕ್ಕೆ ಹೇಳಿದ್ದಕ್ಕೆ. ಅದೂ ಲೂಕ ಮೂರನೇ ಅಧ್ಯಾಯದಲ್ಲೇ ಇದೆ, ಎರಡು ಅಂಗಿಯ ಮಾತಿನ ಕೆಳಗೆ. ಪಾರ್ಟಿ ಬಾವುಟ ಚರ್ಚಿಗೆ ಬರಬಾರದು ಅನ್ನುವುದಾದರೆ ನಾನು ಮಾವನವರ ಕಡೆ. ಕೂಲಿಯ ಮಾತು ಬರಬಾರದು ಅನ್ನುವುದಾದರೆ ಅಲ್ಲ.

ನಿಮ್ಮ ತಮ್ಮನಿಗೆ ಇಟ್ಟಿದ್ದ ಮಾತು: ಲೆಕ್ಕ ಸರಿ ಆಗುವ ತನಕ ಮಗುವಿಗೆ ನೀರು ಬೇಡ ಅನ್ನುವುದು ತಪ್ಪು. ಮಗುವನ್ನು ಒತ್ತೆ ಇಟ್ಟುಕೊಂಡು ಅಪ್ಪನನ್ನು ತಿದ್ದುವುದು ನ್ಯಾಯ ಅಲ್ಲ, ಅದೂ ಒಂದು ತರಹದ ಮುಂಗಡದ ಹಗ್ಗವೇ. ಅವನ ಸ್ವಂತ ದೀಕ್ಷಾಸ್ನಾನವೂ ಆಗಿದೆಯಲ್ಲ? ಅವನ ಮನೆಯಲ್ಲಿ ನೀರು ತರುವವರು ಯಾರು, ಪಾತ್ರೆ ತಿಕ್ಕುವವರು ಯಾರು ಅಂತ ಒಂದು ಸಲ ಕೇಳಿ.

ಹೌದು ಅಂದರೆ ಸುಳ್ಳಾಗುತ್ತಾ ಅಂತ ಕೇಳಿದ್ದೀರಿ. ಎಷ್ಟೋ ಪುಸ್ತಕಗಳಲ್ಲಿ ಉತ್ತರ ಬರೀ "ಹೌದು" ಅಲ್ಲ. "ದೇವರ ಸಹಾಯದಿಂದ ಮಾಡುತ್ತೇನೆ" ಅಂತ ಇರುತ್ತದೆ. ಈಗಾಗಲೇ ಒಳ್ಳೆಯವರಾಗಿದ್ದೇವೆ ಅಂತ ಕೊಡುವ ಸರ್ಟಿಫಿಕೇಟ್ ಅಲ್ಲ ಅದು, ಇವತ್ತಿನಿಂದ ಶುರು ಮಾಡುತ್ತೇವೆ ಅನ್ನುವ ಮಾತು. ಬಿಡುವ ಮನಸ್ಸೇ ಇಲ್ಲದೆ ಅಂದರೆ ಸುಳ್ಳು. ಬಿಡಲು ಆಗುತ್ತೋ ಇಲ್ಲವೋ ಅನ್ನುವ ಭಯದಲ್ಲಿ ಅಂದರೆ ಅದು ಸುಳ್ಳಲ್ಲ.

ಪ್ರತಿಜ್ಞೆಯ ಆ ಪುಟವನ್ನು ನಿಮ್ಮ ಪಾಸ್ಟರ್ ಹತ್ತಿರ ಈಗಲೇ ಕೇಳಿ, ಮೊಬೈಲ್‌ನಲ್ಲಿ ಫೋಟೊ ತಗೊಳ್ಳಿ. ಯಜಮಾನರು ಊರಿಗೆ ಬಂದಾಗ, ಮಗು ಮಲಗಿದ ಮೇಲೆ, ಇಬ್ಬರೂ ಒಂದು ಸಲ ಜೋರಾಗಿ ಓದಿ. ಜಗಳ ಆದರೆ ಆಗಲಿ, ಅವತ್ತೇ ಆಗಿಬಿಡುವುದು ಒಳ್ಳೆಯದು. ಈಸ್ಟರ್ ಹೊತ್ತಿಗೆ ನಮ್ಮ ಕಡೆ ಬಿಸಿಲು ಹೇಗಿರುತ್ತದೆ ನಿಮಗೇ ಗೊತ್ತು, ಮಗುವಿಗೆ ನೈಲಾನ್ ಫ್ರಾಕ್ ಹಾಕಬೇಡಿ, ಹತ್ತಿಯದು ಹಾಕಿ. ಊಟಕ್ಕೆ ಆ ಇಪ್ಪತ್ತು ಮಂದಿಯನ್ನೂ ಮನೆಯವರ ಸಮೇತ ಕರೆಯಿರಿ, ನಿಮ್ಮ ನೆಂಟರ ಪಂಕ್ತಿಯಲ್ಲೇ ಕೂಡಿಸಿ. ಹೈದರಾಬಾದ್‌ನಿಂದ ಬರುವ ಬಸ್ ಚಾರ್ಜ್ ನಿಮ್ಮ ಯಜಮಾನರೇ ಕೊಡಲಿ. ಅದನ್ನು ಮುಂಗಡದ ಪಟ್ಟಿಗೆ ಏರಿಸುವುದು ಬೇಡ.